ನಾಲ್ಕನೇ ದರ್ಜೆಯ ಚೂಟಿ

ಆ ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳನ್ನು ಎಲ್ಲರೂ ಚೂಟಿ ಎನ್ನುತ್ತಿದ್ದರು, ಚಿಕ್ಕವನನ್ನು ಮಂಕ. ಈ ಹೆಸರು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಇಟ್ಟ ಮೇಲೆ ಮಾತ್ರ ಇಬ್ಬರೂ ಅದಕ್ಕೆ ತಕ್ಕ ಹಾಗೆಯೇ ಬೆಳೆದರು. ಚೂಟಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸಲೀಸು. ಅಂಗಡಿಯವನು ಕಿವಿಯ ಮೇಲಿನ ಪೆನ್ಸಿಲ್ ತೆಗೆಯುವಷ್ಟರಲ್ಲಿ ಮೊತ್ತ ಹೇಳಿ ಕೈ ಚಾಚುತ್ತಿದ್ದಳು. ಮಂಕನಿಗೆ ಅದೇ ಲೆಕ್ಕ ಕಬ್ಬಿಣದ ಕಡಲೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಭಾಗಾಕಾರ ಬರೆದು, ಹೇಳಿದ್ದನ್ನೇ ಹೇಳಿ, ಕೊನೆಗೆ ರೇಗಿ ತಲೆಗೆ ಮೊಟಕುವಳು. ಅವನು ತಲೆ ಉಜ್ಜಿಕೊಳ್ಳುತ್ತ ನಗುವನು.

"ನೀನಿದ್ದೀಯಲ್ಲಕ್ಕಾ. ನನಗ್ಯಾಕೆ ಬೇಕು ಇದೆಲ್ಲಾ?"

ಅವರಪ್ಪ ನೂಲಿನ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದ. ಮಿಲ್ಲು ಸರ್ಕಾರದ್ದು. ಆ ಊರಿನಲ್ಲಿ ಮಿಲ್ಲಿನ ಕೆಲಸದ ಮುಂದೆ ಉಳಿದದ್ದೆಲ್ಲ ಗೌಣ. ಒಳಗೆ ಸೇರಿದವರಿಗೆ ವರ್ಷ ಕಳೆದಂತೆ ಸಂಬಳ ಏರುತ್ತಿತ್ತು. ಎಷ್ಟು ಓದಿದ್ದೀಯ ಎಂದು ಕೇಳುವವರೇ ಇರಲಿಲ್ಲ. ನೂಲುವ ಯಂತ್ರದ ಮುಂದೆ ನಿಂತ ಹೆಂಗಸು ಶಾಲೆಯ ಮೇಷ್ಟರ ಎರಡರಷ್ಟು ದುಡಿಯುತ್ತಿದ್ದಳು. ಹುಡುಗಿಗೆ ಗಂಡು ಬಂದರೆ ಜನ ಮೊದಲು ಕೇಳುತ್ತಿದ್ದದ್ದು, "ಹುಡುಗ ಮಿಲ್ಲಲ್ಲಿದ್ದಾನಾ?" ಇಲ್ಲ, ಮೇಷ್ಟ್ರು ಎಂದರೆ, "ಅಯ್ಯೋ, ಇರ್ಲಿ ಬಿಡಿ, ಒಳ್ಳೆಯವನಾದ್ರೆ ಸಾಕು" ಎಂದು ಸಮಾಧಾನ ಹೇಳುತ್ತಿದ್ದರು.

ಚೂಟಿಗೆ ಹದಿನಾರು ತುಂಬಿದಾಗ ನೂಲುವ ವಿಭಾಗದಲ್ಲಿ ಜಾಗ ಖಾಲಿಯಾಯಿತು. ಕೆಲಸಗಾರರ ಮಕ್ಕಳಿಗೇ ಮೊದಲ ಅವಕಾಶ. ಅಪ್ಪ ಹಿಂದೆ ಮುಂದೆ ನೋಡದೆ ಹೆಸರು ಕೊಟ್ಟು ಬಂದ. ಆ ವಾರವೇ ಶಾಲೆಯ ಲೆಕ್ಕದ ಮೇಡಂ ಮನೆ ಹುಡುಕಿಕೊಂಡು ಬಂದರು. ತೆಳ್ಳನೆಯ ಹೆಂಗಸು; ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ತಂತಿ ಬಿಗಿದಿತ್ತು. ಅದನ್ನು ಬಾಗಿಲಿನ ಮರೆಯಲ್ಲಿ ಬಿಟ್ಟು ಒಳಗೆ ಬಂದು ಕೂತರು.

"ಇನ್ನೊಂದು ವರ್ಷ ಬಿಡಿ. ಹತ್ತನೇ ತರಗತಿ ಮುಗಿಸ್ಲಿ. ಇದು ನೂಲು ಸುತ್ತೋಕೆ ಹುಟ್ಟಿದ ತಲೆ ಅಲ್ಲ."

ಅಪ್ಪ ಚಹಾದ ಲೋಟ ಅವರ ಮುಂದಿಟ್ಟ. "ತಪ್ಪು ತಿಳ್ಕೋಬೇಡಿ ಮೇಡಂ, ಒಂದು ಮಾತು ಕೇಳ್ತೀನಿ. ನೀವೆಷ್ಟು ಓದಿದ್ದೀರಿ?"

"ಕಾಲೇಜು ಮುಗಿಸಿದ್ದೀನಿ. ಅದರ ಮೇಲೆ ಇನ್ನೆರಡು ವರ್ಷ."

"ಸಂಬಳ ಎಷ್ಟು ಬರುತ್ತೆ?"

ಮೇಡಂ ಹೇಳಿದರು.  ಅದರ ಮೇಲೆ ಇನ್ನೇನೂ ಹೇಳುವ ಅಗತ್ಯ ಅಪ್ಪನಿಗೆ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು, ಕೇಳಬಾರದ್ದನ್ನು ಕೇಳಿದವಳ ಹಾಗೆ.

ಮೇಡಂ ಚೂಟಿಯ ಕಡೆ ತಿರುಗಿದರು. "ನೀನೇನಂತೀಯ?"

ನಿಜ ಹೇಳಬೇಕೆಂದರೆ ಅಪ್ಪ ಅವಳನ್ನು ಬಲವಂತ ಮಾಡಿರಲಿಲ್ಲ. ಅವಳಿಗೂ ಸಂಬಳ ಬೇಕಿತ್ತು, ಹೊಸ ಬಟ್ಟೆ ಬೇಕಿತ್ತು, ಮಿಲ್ಲಿನ ಹುಡುಗಿಯರ ಜೊತೆ ಕೈ ಹಿಡಿದು ನಗುತ್ತ ರಸ್ತೆ ತುಂಬ ನಡೆಯಬೇಕಿತ್ತು. ಅಲ್ಲದೆ ಲೆಕ್ಕ ತನ್ನ ಮೈಯಲ್ಲೇ ಇದೆ, ಕಣ್ಣು ಮೂಗಿನ ಹಾಗೆ, ಅದೆಲ್ಲಿಗೆ ಹೋದೀತು ಎಂದು ಅವಳು ನಂಬಿದ್ದಳು.

"ಓದೋದು ಯಾವಾಗ ಬೇಕಾದ್ರೂ ಓದಬಹುದು ಮೇಡಂ" ಎಂದಳು.

ಮೇಡಂ ಚಹಾ ಮುಗಿಸಿ ಎದ್ದರು.

ಮಿಲ್ಲಿನ ಒಳಗೆ ಮಾತು ಕೇಳಿಸುತ್ತಿರಲಿಲ್ಲ. ಉದ್ದಕ್ಕೆ ಸಾಲು ನಿಂತ ಯಂತ್ರಗಳ ನಡುವೆ ಹೋಗಿ ಬಂದು, ಹೋಗಿ ಬಂದು, ಎಲ್ಲಿ ಎಳೆ ಕಡಿದಿದೆಯೋ ಅಲ್ಲಿ ಬೆರಳ ತುದಿಯಲ್ಲಿ ಹೊಸೆದು ಕೂಡಿಸಬೇಕು. ಹತ್ತಿಯ ಧೂಳು ಹುಬ್ಬಿನ ಮೇಲೆ, ಮೂಗಿನೊಳಗೆ, ಬಾಯಲ್ಲಿ. ಪಾಳಿ ಮುಗಿಸಿ ಬರುವ ಹುಡುಗಿಯರೆಲ್ಲ ತಲೆ ನರೆತ ಮುದುಕಿಯರ ಹಾಗೆ ಕಾಣುತ್ತಿದ್ದರು. ನಲ್ಲಿಯ ಕೆಳಗೆ ತಲೆಯೊಡ್ಡಿದರೆ ಮತ್ತೆ ಹುಡುಗಿಯರು. ಚೂಟಿ ಕೆಲಸ ಬೇಗ ಕಲಿತಳು. ಆದರೆ ಬೇಗ ಕಲಿತದ್ದಕ್ಕೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ತಿಂಗಳಾದರೆ ಎಲ್ಲರಿಗೂ ಬರುವುದೇ ಅವಳಿಗೂ ಬರುತ್ತಿತ್ತು. ಅದೇ ಧಾರಾಳವಾಗಿತ್ತು.

ಮಂಕನ ಸರದಿ ಬರುವ ಹೊತ್ತಿಗೆ ಮಿಲ್ಲಿನಲ್ಲಿ ಹೊಸಬರನ್ನು ತೆಗೆದುಕೊಳ್ಳುವುದೇ ನಿಂತುಹೋಯಿತು. ಬೇರೆ ದಾರಿಯಿಲ್ಲದೆ ಅವನು ಓದಿದ. ಒಂದು ಸಲ ಫೇಲಾಗಿ, ಇನ್ನೊಂದು ಸಲ ಕೂದಲೆಳೆಯಲ್ಲಿ ಪಾಸಾಗಿ, ಹತ್ತನೆಯದು ದಾಟಿ, ಆಮೇಲೆ ಕಚೇರಿ ಕೆಲಸ, ಕಂಪ್ಯೂಟರು ಅಂತ ಏನೋ ಡಿಪ್ಲೊಮಾ. ಫೀಜು ಕಟ್ಟುತ್ತಿದ್ದವಳು ಚೂಟಿ. ಮಿಲ್ಲಿನ ಹೆಂಗಸರು ಕೇಳುವರು, "ತಮ್ಮನ್ನ ಇನ್ನೂ ಓದಿಸ್ತಿದ್ದೀಯಂತೆ? ಪಾಪ, ಎಲ್ಲೂ ಕೆಲಸ ಸಿಗಲಿಲ್ವಾ?" ಅವಳು ನಗುವಳು. ಮಿಲ್ಲಿನ ಲಾರಿ ಓಡಿಸುವವನನ್ನು ಅವಳು ಮದುವೆಯಾದಳು. ಒಂದು ಹೆಣ್ಣು ಮಗುವಾಯಿತು. ಅಮ್ಮ ತೀರಿಕೊಂಡ ಮೇಲೆ ಅಪ್ಪನೂ ಅವಳ ಜೊತೆಗೇ ಬಂದು ಇದ್ದ. ಹೊಟ್ಟೆ ಬಟ್ಟೆಗೆ ತೊಂದರೆಯಿಲ್ಲದೆ ಕಾಲ ಸಾಗುತ್ತಿತ್ತು.

ಆಮೇಲೆ ಸುಧಾರಣೆ ಬಂತು. ಮೊದಲು ರೇಡಿಯೋದಲ್ಲಿ ಬಂತು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ: ಆರ್ಥಿಕ ಸುಧಾರಣೆ. ನೂಲುವ ವಿಭಾಗದ ಮೇಸ್ತ್ರಿ ತಮಾಷೆ ಮನುಷ್ಯ. "ಅವರು ಸುಧಾರಣೆ ಮಾಡ್ತಾನೇ ಇದ್ದಾರೆ, ನಾವು ಸುಧಾರಿಸ್ಕೊಳ್ಳೋದು ಯಾವಾಗ?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮೇಸ್ತ್ರಿಯನ್ನೇ ಮೊದಲು ಮನೆಗೆ ಕಳಿಸಿದರು.

ಮಿಲ್ಲನ್ನು ಯಾವುದೋ ಕಂಪನಿ ಕೊಂಡಿತು. ಹಳೆಯ ಲಾರಿಗಳನ್ನು ಮಾರಿದರು. ಚೂಟಿಯ ಗಂಡ ದೂರದ ಊರಿನಲ್ಲಿ ಬೇರೆಯವರ ಲಾರಿ ಹಿಡಿದು, ತಿಂಗಳಿಗೊಮ್ಮೆ ಮುಖ ತೋರಿಸುವ ಹಾಗಾಯಿತು. ಮಿಲ್ಲಿನ ಮುಂಭಾಗದ ಸೈಕಲ್ ಸ್ಟ್ಯಾಂಡ್ ಕೆಡವಿ ಗಾಜಿನ ಕಚೇರಿ ಕಟ್ಟಿದರು. ಅದರೊಳಗೆ ಕೂರಲು ಓದಿದವರು ಬೇಕಾಗಿತ್ತು. ಮಂಕನಿಗೆ ಅಲ್ಲಿ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಸಿಕ್ಕಿತು.

ಮೊದಲ ಸಂಬಳದ ದಿನ ಅವನು ಅಕ್ಕನ ಮನೆಗೆ ಬಂದು ಹೊಸಿಲ ಮೇಲೇ ನಿಂತ. ಕೊರಳಿಗೆ ಟೈ ಬಿಗಿದಿತ್ತು. ಅದನ್ನು ಅವನು ಕೈಯಲ್ಲಿ ಹಿಡಿದು ಎಳೆಯುತ್ತಲೇ ಇದ್ದ.

"ಅಕ್ಕಾ, ಹೇಳೋಕೆ ನಾಚಿಕೆ ಆಗ್ತಿದೆ. ನಿನ್ನದಕ್ಕಿಂತ ಜಾಸ್ತಿ ಕೊಟ್ಟಿದ್ದಾರೆ."

"ಎಷ್ಟು ಜಾಸ್ತಿ?"

"ಎರಡರಷ್ಟು. ಇನ್ನೂ ಸ್ವಲ್ಪ ಮೇಲೇ."

"ಸರಿ ಮತ್ತೆ, ನಾಚಿಕೆ ಯಾಕೋ ಮಂಕಾ? ನಾನು ಹಾಕಿದ ದುಡ್ಡಿಗೆ ಬೆಳೆ ಬಂತು ಅನ್ಕೋ. ಒಳಗೆ ಬಾ."

ಹಾಗೆಂದಳು. ಸಂತೋಷವೂ ಆಗಿತ್ತು, ಸುಳ್ಳಲ್ಲ. ಆದರೆ ಅವನಿಗೆ ಚಹಾ ಕಾಸುತ್ತ ಒಲೆಯ ಮುಂದೆ ನಿಂತಾಗ ಅವಳ ಮನಸ್ಸಿನಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಇವನೇ ಇಷ್ಟು ದುಡಿದರೆ, ನಾನು ಕೂತು ಓದಿದರೆ?

ಅವಳಿಗೆ ಹೆಚ್ಚು ಕಾಯುವ ಕೆಲಸ ಬೀಳಲಿಲ್ಲ. ಕಂಪನಿ ಹೊಸ ಸಂಬಳದ ಪದ್ಧತಿ ತಂದಿತು. ಇನ್ನು ಮುಂದೆ ವರ್ಷಗಳ ಲೆಕ್ಕವಿಲ್ಲ, ನಾಲ್ಕು ದರ್ಜೆ. ಕಾಲೇಜು ಮುಗಿಸಿದವರು ಮೊದಲನೆಯದು, ಡಿಪ್ಲೊಮಾದವರು ಎರಡನೆಯದು, ಹತ್ತನೇ ತರಗತಿ ಪಾಸಾದವರು ಮೂರನೆಯದು. ಅದಕ್ಕಿಂತ ಕೆಳಗಿನವರೆಲ್ಲ ನಾಲ್ಕನೆಯದು. ನಾಲ್ಕನೆಯದಕ್ಕೆ ಈಗ ಬರುವ ಸಂಬಳದಲ್ಲೂ ಕಡಿತ. ಪ್ರಮಾಣಪತ್ರ ತರುವವರಿಗೆ ಒಂದು ವರ್ಷ ಗಡುವು.

ನೂಲುವ ವಿಭಾಗದಲ್ಲಿ ಹೆಂಗಸರು ಕಣ್ಣೀರು ಹಾಕಿದರು. ಚೂಟಿ ಅಳಲಿಲ್ಲ. "ಒಂದು ವರ್ಷ ಕೊಟ್ಟಿದ್ದಾರಲ್ಲ, ಸಾಕು" ಎಂದಳು. ಅಪ್ಪನ ಮುಖ ಅರಳಿತು. ಎಷ್ಟೋ ದಿನದಿಂದ ಅವನು ಮೂಲೆ ಹಿಡಿದು ಕೂತಿದ್ದ. "ನನ್ನ ಮಗಳಿಗೆ ಇದೇನು ಮಹಾ? ಎಡಗೈಯಲ್ಲಿ ಬರೆದು ಬರ್ತಾಳೆ" ಎಂದು ಬೀದಿಗೆಲ್ಲ ಸಾರಿದ.

ಸಂಜೆ ತರಗತಿ ನಡೆಸುತ್ತಿದ್ದವರು ಅದೇ ಲೆಕ್ಕದ ಮೇಡಂ. ಶಾಲೆಯ ಸಂಬಳ ಬದುಕಿಗೆ ಸಾಲದಾಗಿ ಕೆಲಸ ಬಿಟ್ಟು, ಮುಚ್ಚಿಹೋದ ಪೀಠೋಪಕರಣದ ಅಂಗಡಿಯೊಂದರ ಮಹಡಿ ಹಿಡಿದಿದ್ದರು. ಈಗ ಅಲ್ಲಿ ಕೂರಲು ಜಾಗ ಸಾಲದಷ್ಟು ಜನ: ಮಿಲ್ಲಿನವರು, ಬಸ್ಸಿನ ಕಂಡಕ್ಟರುಗಳು, ಒಬ್ಬ ಬಡಗಿ, ಒಬ್ಬ ದಪ್ಪ ಮೀಸೆಯ ಕಾವಲುಗಾರ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಚಲಾಗದೆ ಅಡ್ಡಡ್ಡ ಕೂತು, ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು.

ಚೂಟಿಯನ್ನು ಕಂಡ ಕೂಡಲೇ ಮೇಡಂ ಗುರುತು ಹಿಡಿದರು. ಎರಡೂ ಕೈ ಹಿಡಿದುಕೊಂಡರು. "ಬಂದ್ಯಾ! ಕೊನೆಗೂ ಬಂದ್ಯಾ!" ಮೊದಲನೇ ಬೆಂಚಿನಲ್ಲಿ ಕೂರಿಸಿ, ಇಡೀ ತರಗತಿಗೆ ಕೇಳಿಸುವ ಹಾಗೆ ಹೇಳಿದರು: "ಇವಳನ್ನ ನೋಡಿ ಕಲೀರಿ. ನನ್ನ ಕೈಯಲ್ಲಿ ಓದಿದವರಲ್ಲಿ ಇಂಥ ತಲೆ ಇನ್ನೊಂದಿಲ್ಲ."

ಮೊದಲ ದಿನ ಕೂಡುವುದು ಕಳೆಯುವುದು. ಚೂಟಿ ಎಲ್ಲರಿಗಿಂತ ಮೊದಲು ಮುಗಿಸಿದಳು. ಮರುದಿನ ಭಿನ್ನರಾಶಿ, ಅದೂ ಪರವಾಗಿಲ್ಲ. ಆಮೇಲೆ ಅಕ್ಷರಗಳು ಬಂದವು. ಗೊತ್ತಿಲ್ಲದ ಸಂಖ್ಯೆಗೆ ಒಂದು ಅಕ್ಷರ ಇಟ್ಟುಕೊಂಡು, ಈ ಕಡೆಯದನ್ನು ಆ ಕಡೆಗೆ ಸಾಗಿಸಿ, ಚಿಹ್ನೆ ಬದಲಿಸಿ, ಕೊನೆಗೆ ಬಿಡಿಸುವುದು. ಮೇಡಂ ಹಲಗೆಯ ಮೇಲೆ ಬರೆಯುತ್ತಿರುವಾಗ ಎಲ್ಲ ತಿಳಿಯುತ್ತಿತ್ತು. ತಾನೇ ಬರೆಯಲು ಹೋದರೆ ಎರಡನೇ ಸಾಲಿನಲ್ಲಿ ಎಳೆ ಕಡಿಯುತ್ತಿತ್ತು. ಎಲ್ಲಿ ಕಡಿಯಿತೆಂದು ಗೊತ್ತಾಗುತ್ತಿರಲಿಲ್ಲ. ಹಿಂದಕ್ಕೆ ಹೋಗುವಳು, ಮತ್ತೆ ಬರುವಳು, ಅಷ್ಟರಲ್ಲಿ ಬಡಗಿ ಉತ್ತರ ಹೇಳಿರುತ್ತಿದ್ದ.

"ತುಕ್ಕು ಹಿಡಿದಿದೆ ಅಷ್ಟೇ. ಉಜ್ಜಿದ್ರೆ ಹೋಗುತ್ತೆ" ಎಂದರು ಮೇಡಂ.

ಅವಳು ಉಜ್ಜಿದಳು. ಬೆಳಗಿನ ಪಾಳಿಗೆ ಮುಂಚೆ, ಊಟದ ಬಿಡುವಿನಲ್ಲಿ ಹತ್ತಿ ಮೂಟೆಗಳ ಹಿಂದೆ, ಭಾನುವಾರ ಇಡೀ ದಿನ. ಮೇಡಂ ದಿನವೂ ಅವಳನ್ನು ಹಲಗೆಗೆ ಕರೆಯುತ್ತಿದ್ದರು. ಅವಳು ಸೀಮೆಸುಣ್ಣ ಹಿಡಿದು ನಿಂತರೆ ತಲೆಯೊಳಗೆ ಯಂತ್ರಗಳ ಗುಂಯ್ ಶಬ್ದವೊಂದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಬೆನ್ನ ಹಿಂದೆ ಕಾವಲುಗಾರ ಕೆಮ್ಮುವನು. ಮೇಡಂ ಮೆಲ್ಲಗೆ ಒಂದು ಸುಳಿವು ಕೊಡುವರು, ಇನ್ನೊಂದು ಕೊಡುವರು, ಕೊನೆಗೆ ತಾವೇ ಬರೆದುಬಿಡುವರು.

ಹೀಗೆ ಕೆಲವು ವಾರ ನಡೆಯಿತು. ಆಮೇಲೆ ಮೇಡಂ ಅವಳನ್ನು ಹಲಗೆಗೆ ಕರೆಯುವುದನ್ನು ಬಿಟ್ಟರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವರ ಕಣ್ಣು ಅವಳನ್ನು ದಾಟಿ ಎರಡನೇ ಬೆಂಚಿಗೆ ಹೋಗುವುದನ್ನು ಕಂಡಾಗ ಮಾತ್ರ, ಮಳೆಯಲ್ಲಿ ಬಾಗಿಲ ಹೊರಗೆ ನಿಲ್ಲಿಸಿದ ಹಾಗಾಯಿತು.

ಪರೀಕ್ಷೆ ಬರೆದಳು. ಭಾಷೆಯಲ್ಲಿ ಪಾಸು, ಸಮಾಜದಲ್ಲಿ ಪಾಸು, ವಿಜ್ಞಾನದಲ್ಲೂ ಹೇಗೋ ಪಾಸು. ಲೆಕ್ಕದಲ್ಲಿ ಫೇಲು. ಒಂದೆರಡು ಅಂಕದಲ್ಲಿ ಹೋದದ್ದಲ್ಲ, ಚೆನ್ನಾಗಿಯೇ ಫೇಲು. ಬಡಗಿ ಪಾಸಾದ. ಕಾವಲುಗಾರನೂ ಪಾಸಾದ, ಮೀಸೆ ತಿರುವುತ್ತ ಎಲ್ಲರಿಗೂ ಚಹಾ ಕೊಡಿಸಿದ.

"ಮತ್ತೊಂದ್ಸಲ ಬರೀಬಹುದು" ಎಂದರು ಮೇಡಂ, ಮೇಜಿನ ಮೇಲಿನ ಪುಸ್ತಕಗಳನ್ನು ಸರಿಮಾಡುತ್ತ.

"ಹೂಂ ಮೇಡಂ, ಬರ್ತೀನಿ" ಎಂದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮನೆಯಲ್ಲಿ ಅವಳು ಹೇಳಿದ್ದೇ ಬೇರೆ. ಲೆಕ್ಕದ ಪರೀಕ್ಷೆಯ ದಿನ ಪಾಳಿಯಿಂದ ಬಿಡಲಿಲ್ಲ, ಬರೆಯುವುದಕ್ಕೇ ಆಗಲಿಲ್ಲ ಎಂದಳು. ಇಂಥ ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಅಪ್ಪ ಕಂಪನಿಯವರ ವಂಶವನ್ನೆಲ್ಲ ಜಾಲಾಡಿ ಬೈದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಅವಳು ಸುಮ್ಮನಿದ್ದಳು.

ಗಡುವು ಹತ್ತಿರ ಬಂದಾಗ ಮಂಕ ಅವಳನ್ನು ಮಿಲ್ಲಿನ ಹಿಂದಿನ ಗೇಟಿನ ಬಳಿ ಕರೆದ. ಅತ್ತ ಇತ್ತ ನೋಡಿ ದನಿ ತಗ್ಗಿಸಿದ.

"ಅಕ್ಕಾ, ಒಬ್ಬ ಇದ್ದಾನೆ. ಪ್ರಮಾಣಪತ್ರ ಮಾಡಿಸಿ ಕೊಡ್ತಾನೆ. ಅಸಲಿ ತರಾನೇ ಇರುತ್ತೆ. ನಮ್ಮ ಕಚೇರೀಲಿ ಅದನ್ನ ನೋಡೋದು ನಾನೇ. ಯಾರಿಗೂ ಗೊತ್ತಾಗಲ್ಲ."

"ಬೇಡ ಕಣೋ."

"ಯಾಕೆ ಬೇಡ? ಇದರಲ್ಲಿ ಮೋಸ ಏನಿದೆ? ನೀನು ಬರೆದಿದ್ರೆ ಪಾಸಾಗ್ತಿರ್ಲಿಲ್ವಾ? ಇರೋದನ್ನೇ ಕಾಗದದ ಮೇಲೆ ಹಾಕಿಸ್ತಿದ್ದೀವಿ, ಅಷ್ಟೇ."

ಅವಳಿಗೆ ಆ ಕಾಗದ ಬೇಕಿತ್ತು. ಮಗಳ ಶಾಲೆಯ ಖರ್ಚು ಕಣ್ಣೆದುರಿಗಿತ್ತು. ಅವನು ಬೇರೆ ಯಾವ ಮಾತಿನಲ್ಲಿ ಕೇಳಿದ್ದರೂ ಒಪ್ಪಿಕೊಳ್ಳುತ್ತಿದ್ದಳೋ ಏನೋ. "ಬರೆದಿದ್ರೆ ಪಾಸಾಗ್ತಿರ್ಲಿಲ್ವಾ" ಎಂದನಲ್ಲ, ಆ ಮಾತು ಗಂಟಲಿಗೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

"ನನಗೆ ಕಳ್ಳ ಕಾಗದ ಬೇಡ ಅಂದ್ನಲ್ಲ. ಬಿಟ್ಬಿಡು."

ಮಂಕನ ಕಣ್ಣಲ್ಲಿ ನೀರು ತುಂಬಿತು. "ನಿನ್ನಂಥವರು ಈಗಿನ ಕಾಲದಲ್ಲಿ ಇಲ್ಲಕ್ಕಾ" ಎಂದ. ಅಂದಿನಿಂದ ಅವನು ಹೋದಲ್ಲೆಲ್ಲ ಅಕ್ಕನ ಪ್ರಾಮಾಣಿಕತೆಯ ಕಥೆ ಹೇಳತೊಡಗಿದ.

ದರ್ಜೆಗಳನ್ನು ಓದಿ ಹೇಳುವ ಕೆಲಸ ಅವನಿಗೇ ಬಿತ್ತು. ನೂಲುವ ವಿಭಾಗದ ಯಂತ್ರಗಳನ್ನು ನಿಲ್ಲಿಸಿ, ಎಲ್ಲರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಮಂಕ ಒಂದು ಖಾಲಿ ಪೆಟ್ಟಿಗೆಯ ಮೇಲೆ ನಿಂತು ಓದಿದ. ಅಕ್ಕನ ಹೆಸರು ಬಂದಾಗ ನಿಲ್ಲಿಸಿದ. ಕೆಮ್ಮಿ, ಮತ್ತೆ ಓದಿದ. ನಾಲ್ಕನೇ ದರ್ಜೆ. ಪಕ್ಕದಲ್ಲಿದ್ದ ಹೆಂಗಸು ಚೂಟಿಯ ಕೈ ಹಿಡಿದು, "ಸ್ವಂತ ತಮ್ಮ ಆಗಿ..." ಎಂದಳು.

"ಅವನೇನು ಮಾಡ್ತಾನೆ, ಬರೆದಿರೋದನ್ನ ಓದ್ತಾನೆ" ಎಂದಳು ಚೂಟಿ.

ಹೊಸ ಯಂತ್ರಗಳು ಬಂದ ಮೇಲೆ ನಾಲ್ಕನೇ ದರ್ಜೆಯವರನ್ನು ಗುತ್ತಿಗೆಗೆ ಹಾಕಿದರು. ಗುತ್ತಿಗೆ ಮುಗಿದಾಗ ಮತ್ತೆ ಕರೆಯಲಿಲ್ಲ. ಗದ್ದಲವಿಲ್ಲ, ಜಗಳವಿಲ್ಲ. ಒಂದು ಸೋಮವಾರ ಹೋದಾಗ ಗೇಟಿನವನು ಒಳಗೆ ಬಿಡಲಿಲ್ಲ, ಅಷ್ಟೇ.

ಆಮೇಲೆ ಅವಳು ಒಂದು ಬಟ್ಟೆ ಗೋದಾಮಿನಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸ ಹಿಡಿದಳು. ಹೊಲಿದಷ್ಟಕ್ಕೆ ಕಾಸು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಸೂಜಿಗೆ ದಾರ ಪೋಣಿಸಲು ಕತ್ತೆತ್ತಿ ದೀಪದ ಕಡೆ ಹಿಡಿಯಬೇಕು. ಮಿಲ್ಲಿನಲ್ಲಿ ಮೊದಲ ವರ್ಷ ಬರುತ್ತಿದ್ದಷ್ಟು ಕೂಡ ಇಲ್ಲಿ ಕೈಗೆ ಹತ್ತುತ್ತಿರಲಿಲ್ಲ. ಆ ದುಡ್ಡಿನ ಬೆಲೆಯೂ ಈಗ ಅರ್ಧಕ್ಕಿಳಿದಿತ್ತು.

ಅಪ್ಪ ಅದೇ ಚಳಿಗಾಲದಲ್ಲಿ ಹಾಸಿಗೆ ಹಿಡಿದ. ಬಾಯ್ಲರ್ ಮನೆಯ ಬೂದಿಯೆಲ್ಲ ಎದೆಯಲ್ಲಿ ಕೂತಿತ್ತು. ಮಾತಾಡಲು ಉಸಿರು ಸಿಕ್ಕಾಗಲೆಲ್ಲ ಒಂದೇ ಮಾತು: "ಬಂಗಾರದಂಥ ತಲೇನ ಹತ್ತಿ ಜೊತೆ ಹಿಂಜಿಸಿಬಿಟ್ಟೆ. ಆ ಮೇಡಂಗೆ ಏನಂದೆ ನಾನು! ಎಷ್ಟು ಸೊಕ್ಕು ನನಗೆ! ನಿನ್ನ ಬಾಳು ನಾನೇ ತಿಂದೆ ಮಗಳೇ."

"ಹಾಗೆಲ್ಲ ಅನ್ಬೇಡಪ್ಪಾ. ಆಗಿನ ಕಾಲಕ್ಕೆ ಅದೇ ಸರಿ ಇತ್ತು."

ಅದು ನಿಜವೇ. ಆದರೆ ಅವನನ್ನು ಹಗುರ ಮಾಡುವ ಇನ್ನೊಂದು ನಿಜ ಅವಳ ಬಳಿ ಇತ್ತು. ನಾನು ಬರೆದೆ ಅಪ್ಪಾ, ಫೇಲಾದೆ; ಹಾಳು ಮಾಡಿದೆ ಅಂತ ನೀನು ಕೊರಗುವ ಆ ಬಂಗಾರದ ತಲೆ ಈಗ ನನ್ನಲ್ಲಿಲ್ಲ, ಅಥವಾ ನಾವು ತಿಳಿದಷ್ಟು ಯಾವತ್ತೂ ಇರಲೇ ಇಲ್ಲವೋ ಏನೋ. ಹೇಳಬೇಕೆಂದು ಬಾಯಿ ತೆರೆದಳು ಕೂಡ. ಹೇಳಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು, ಅದೇ ಅವಳನ್ನು ಮುಂದೆ ಹಿಂಡಿದ್ದು. ಇಡೀ ಜಗತ್ತಿನಲ್ಲಿ ಅವಳನ್ನು ನಾಲ್ಕನೇ ದರ್ಜೆಯವಳಲ್ಲ ಎನ್ನಲು ಉಳಿದಿದ್ದದ್ದು ಮುದುಕನ ಆ ಪಶ್ಚಾತ್ತಾಪವೊಂದೇ. ಅವನು ಕೊರಗುವಷ್ಟು ಹೊತ್ತು ಅವಳು ಜಾಣೆ. ಅವನ ಕಾಲು ಒತ್ತುತ್ತ, ಅವನು ಅಳುವುದನ್ನು ಕೇಳುತ್ತ, ಮನಸ್ಸಿನ ಒಂದು ಮೂಲೆಯಲ್ಲಿ ಅವಳು ಬೆಚ್ಚಗಿದ್ದಳು. ಮಗಳ ಬಾಳು ತಿಂದೆ ಎಂದುಕೊಂಡೇ ಅವನು ಸತ್ತ.

ಅಪ್ಪ ಹೋದ ಮೇಲೆ ಆ ಬೆಚ್ಚಗಿನ ಹಿತವೇ ಉರಿಯಾಯಿತು. ಊಟ ಸೇರಲಿಲ್ಲ, ಗುಂಡಿ ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದು ಹೆಚ್ಚಾಯಿತು. ಮಂಕನಿಗಾದರೂ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡಳು.

ಅವನು ಹೊಸ ಮನೆ ಕೊಂಡಿದ್ದ. ಐದನೇ ಮಹಡಿಯಲ್ಲಿ, ಬಾಲ್ಕನಿಯಿರುವ ಮನೆ. ಒಂದು ಭಾನುವಾರ ಮಧ್ಯಾಹ್ನ ಅಕ್ಕನನ್ನೂ ಅವಳ ಮಗಳನ್ನೂ ಊಟಕ್ಕೆ ಕರೆದ. ಕಚೇರಿಯ ಗೆಳೆಯರಿಬ್ಬರು ಬಂದಿದ್ದರು. ಅವರೆದುರು ಮಂಕ ಅವಳ ಹೆಗಲ ಮೇಲೆ ಕೈಯಿಟ್ಟು, "ಇವಳು ಓದಿದ್ದಿದ್ರೆ ಇವತ್ತು ನಾವೆಲ್ಲ ಇವಳ ಕೈಕೆಳಗೆ ಇರ್ತಿದ್ವಿ. ಕಳ್ಳ ಪ್ರಮಾಣಪತ್ರ ಮನೆ ಬಾಗಿಲಿಗೆ ಬಂದ್ರೂ ಮುಟ್ಟಲಿಲ್ಲ" ಎಂದ. ಆ ಪತ್ರ ಮಾಡಿಸಲು ಹೊರಟವನು ತಾನೇ ಎಂಬುದನ್ನು ಮಾತ್ರ ನುಂಗಿಕೊಂಡ. ಗೆಳೆಯರು ಗೌರವದಿಂದ ತಲೆದೂಗಿದರು.

ಅವನು ನೀರು ತರಲು ಅಡುಗೆಮನೆಗೆ ಹೋದಾಗ ಅವಳೂ ಹಿಂದೆ ಹೋದಳು.

"ಮಂಕಾ, ನಾನು ಲೆಕ್ಕದ ಪರೀಕ್ಷೆ ಬರೆದಿದ್ದೆ ಕಣೋ."

"ಯಾವಾಗ?"

"ಆಗಲೇ. ಪಾಳಿಯಿಂದ ಬಿಡಲಿಲ್ಲ ಅಂದಿದ್ದು ಸುಳ್ಳು. ಬರೆದೆ, ಫೇಲಾದೆ. ಕಾವಲುಗಾರನೂ ಪಾಸಾದ, ನಾನು ಆಗಲಿಲ್ಲ. ನೀನು ಕಾಗದ ತರ್ತೀನಿ ಅಂದಾಗ ಬೇಡ ಅಂದಿದ್ದು ನಾಚಿಕೆಗೆ. ಪ್ರಾಮಾಣಿಕತೆ ಗೀಮಾಣಿಕತೆ ಏನೂ ಇಲ್ಲ."

ಮಂಕ ಅವಳನ್ನೇ ನೋಡಿದ. ಆಮೇಲೆ ನಕ್ಕ. "ಸುಮ್ನಿರಕ್ಕಾ."

"ನಿಜ ಹೇಳ್ತಿದ್ದೀನಿ."

"ಅಪ್ಪನಿಗೆ ಹೇಳಿದ್ಯಾ ಇದನ್ನ?"

"ಇಲ್ಲ."

"ನೋಡು ಮತ್ತೆ! ನಿಜ ಆಗಿದ್ರೆ ಅವನಿಗೆ ಹೇಳದೆ ಇರ್ತಿದ್ಯಾ? ಅಷ್ಟು ಒದ್ದಾಡಿ ಸತ್ತ ಅವನು. ನಿನ್ನ ಕೈಲಿ ಅದು ಆಗೋ ಮಾತಾ?"



ಮಂಕನ ದನಿ ಗಡುಸಾಯಿತು. "ನನಗೆ ಗೊತ್ತು ನೀನ್ಯಾಕೆ ಹೀಗಂತಿದ್ದೀಯ ಅಂತ. ನನ್ನ ಮನಸ್ಸು ಹಗುರ ಮಾಡೋಕೆ. ನೀನು ದುಡಿದಿದ್ದನ್ನ ತಿಂದು ನಾನು ಇಲ್ಲಿ ಬಂದು ಕೂತಿದ್ದೀನಲ್ಲ, ಅದಕ್ಕೆ. ಬೇಡಕ್ಕಾ. ಇನ್ನೊಂದ್ಸಲ ಈ ಮಾತು ಆಡಬೇಡ, ನನ್ನಾಣೆ ಇದೆ." ನೀರಿನ ಜಗ್ಗು ಎತ್ತಿಕೊಂಡು ಹೊರಗೆ ಹೋದ. ಗೆಳೆಯರ ಜೊತೆ ಜೋರಾಗಿ ಮಾತಾಡುವುದು ಕೇಳಿಸಿತು.

ಅವಳು ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆದಿಟ್ಟಳು. ಕೈ ಒರೆಸಿಕೊಳ್ಳುತ್ತ ಬಾಲ್ಕನಿಗೆ ಬಂದಳು. ಅಲ್ಲಿ ನಿಂತ ಮಗಳು ಕೆಳಗಿನ ರಸ್ತೆಯಲ್ಲಿ ಹೋಗುವ ಕಾರುಗಳನ್ನು ನೋಡುತ್ತಿದ್ದಳು. "ಹೋಗೋಣ್ವಾ?" ಎಂದಳು ಚೂಟಿ. "ಇನ್ನೂ ಊಟಾನೇ ಆಗಿಲ್ಲಮ್ಮಾ" ಎಂದಳು ಮಗಳು. ಅದೂ ನಿಜ. ಇಬ್ಬರೂ ಒಳಗೆ ಹೋಗಿ ಕೂತರು.

ಆ ತಿಂಗಳಿನಿಂದ ಮಂಕ ಅಕ್ಕನಿಗೆ ಮೊದಲಿಗಿಂತ ಹೆಚ್ಚು ದುಡ್ಡು ಕಳಿಸತೊಡಗಿದ. ಅವಳು ಬೇಡವೆನ್ನಲಿಲ್ಲ, ಮಗಳ ಫೀಜಿಗೆ ಬೇಕಾಗಿತ್ತು. ಯಾರಾದರೂ ಹೊಸಬರು ಸಿಕ್ಕರೆ ಅವನು ಈಗಲೂ ಆ ಕಥೆ ಹೇಳುತ್ತಾನೆ, ನಮ್ಮಕ್ಕ ಓದಿದ್ದಿದ್ರೆ ಎಂದು. ಮೊದಮೊದಲು ಅವಳು ನೆಲ ನೋಡುತ್ತಿದ್ದಳು. ಈಗೀಗ ಹೌದೆಂದು ತಲೆಯಾಡಿಸುತ್ತಾಳೆ.